ಅಮಾವಾಸ್ಯೆಯ ರಜಾ

ನನಗೆ ಕೋಪ ಜಾಸ್ತಿ ಎನ್ನುವವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಕೋಪ ಬರಿಸುವವರು ಜಾಸ್ತಿ. ಹಿಂದೂಪುರದಲ್ಲಿ ನಮ್ಮ ಮಗ್ಗದ ಬೀದಿಯಿಂದ ಬನಶಂಕರಮ್ಮ ಬಾಯಿ ತೆಗೆದರೆ ರೈಲ್ವೆ ಸ್ಟೇಷನ್ನಿಗೆ ಕೇಳುತ್ತದೆ ಎಂದು ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು. ಸ್ಟೇಷನ್ನು ಅರ್ಧ ಮೈಲಿ ದೂರವಿದೆ. ಗಾಳಿ ಆ ಕಡೆಗೆ ಬೀಸಿದರೆ ಕೇಳೀತೋ ಏನೋ.

ಒಬ್ಬಳೇ ಮಗಳು ಚಿನ್ನಕ್ಕ. ಅವಳನ್ನು ಕಲ್ಯಾಣದುರ್ಗದ ಆದಿನಾರಾಯಣನಿಗೆ ಕೊಟ್ಟೆವು. ಅವರೂ ಮಗ್ಗದವರೇ. ಹುಡುಗ ಒಳ್ಳೆಯವನು, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ತಾಯಿ ರಾಮಾಂಜಿನಮ್ಮನೇ ಆಡಿ ಮುಗಿಸುತ್ತಾಳೆ. ಮದುವೆಯಲ್ಲಿ ಈ ಬೀಗಿತ್ತಿಗೆಂದು, ನಮ್ಮ ಯಜಮಾನರು ಹದಿನೈದು ದಿನ ಕೂತು ನೇಯ್ದ ಸೀರೆಯನ್ನು ತಟ್ಟೆಯಲ್ಲಿಟ್ಟು ಕೊಟ್ಟೆ. ಬೇರೆಯವರಾಗಿದ್ದರೆ ಕಣ್ಣಿಗೊತ್ತಿಕೊಂಡು ಒಳಗಿಡುತ್ತಿದ್ದರು. ಮಗ್ಗದವರು ಮಗ್ಗದವರಿಗೆ ಸೀರೆ ಕೊಟ್ಟರೆ ಹಾಗಾಗುವುದಿಲ್ಲ. ಮೊದಲು ಮಗುಚಿ ಹಿಂಬದಿ ನೋಡುತ್ತಾರೆ, ಆಮೇಲೆ ಅಂಚಿನುದ್ದಕ್ಕೂ ಬೆರಳಾಡಿಸುತ್ತಾರೆ. ರಾಮಾಂಜಿನಮ್ಮ ಚಪ್ಪರದ ನಡುವೆ ನಿಂತು ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ, ಊರೆಲ್ಲ ಕೇಳುವ ಹಾಗೆ, "ಅಂಚು ಅಲ್ಲಲ್ಲಿ ಒಳಕ್ಕೆ ಎಳ್ಕೊಂಡೈತೆ ಕಣಮ್ಮ. ಕೈ ಹದ ಸಾಲ್ದು," ಎಂದಳು.

ನನ್ನ ಕೈಯಲ್ಲಿ ಪಾನಕದ ಚೊಂಬಿತ್ತು. ಅದು ಯಾವಾಗ ಎದ್ದಿತೋ ಯಾವಾಗ ಬಗ್ಗಿತೋ ನನಗೆ ತಿಳಿಯದು. ಹದಿನೈದು ದಿನದ ನೇಯ್ಗೆ ಕಣ್ಣು ಮುಚ್ಚಿ ಬಿಡುವುದರೊಳಗೆ ಬೆಲ್ಲದ ನೀರಲ್ಲಿ ನೆನೆದು ಅಂಟಂಟಾಯಿತು. ರಾಮಾಂಜಿನಮ್ಮ ಸುಮ್ಮನಿರುವ ಪೈಕಿಯೇ? ಅವಳೂ ಬಾಯಿ ತೆಗೆದಳು. ಓಲಗದವರು ತಮ್ಮದು ಯಾರಿಗೂ ಕೇಳಿಸುವುದಿಲ್ಲವೆಂದು ಊದುವುದನ್ನೇ ನಿಲ್ಲಿಸಿದರು.

ಅದಾದ ಮೇಲೆ ಎರಡು ಮನೆಗೂ ಮಾತಿಲ್ಲ. ಒಂದೂವರೆ ವರ್ಷಕ್ಕೆ ಚಿನ್ನಕ್ಕ ಬಸುರಿಯಾದ ಸುದ್ದಿ ಬಂತು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಕರೆದುಕೊಂಡು ಬರಬೇಕು, ತಪ್ಪಿದರೆ ಒಂಬತ್ತರಲ್ಲಿ. ಎಂಟರಲ್ಲಿ ಹೊಸ್ತಿಲು ದಾಟಿಸುವುದಿಲ್ಲ. ಏಳಕ್ಕೆ ಬಿದ್ದ ವಾರವೇ ಯಜಮಾನರನ್ನು ಕಲ್ಯಾಣದುರ್ಗಕ್ಕೆ ಅಟ್ಟಿದೆ. ಮಾರನೆಯ ದಿನ ಒಬ್ಬರೇ ಬಂದು ಜಗಲಿಯ ಮೇಲೆ ಕೂತರು.

"ಕಳ್ಸಲ್ವಂತೆ," ಎಂದರು.

"ಯಾಕಂತೆ?"

"ಆ ಬಾಯಿರೋ ಮನೆಗೆ ಬಸುರಿ ಹೆಂಗ್ಸನ್ನ ಕಳ್ಸಾದಿಲ್ಲ. ಬನಶಂಕರಮ್ಮನ ಕೋಪ ಇಳಿದೈತೆ ಅಂತ ನಮ್ ಮೇಷ್ಟ್ರು ಬಂದು ಒಂದು ಮಾತು ಹೇಳ್ಲಿ, ಅವತ್ತೇ ಕಳಿಸ್ತೀನಿ ಅಂದ್ಳು."

"ಯಾವ ಮೇಷ್ಟ್ರು?"

"ಸೀತಾರಾಮಪ್ಪ ಮೇಷ್ಟ್ರು."

ಸೀತಾರಾಮಪ್ಪ ಮೇಷ್ಟ್ರು ನಮಗೂ ಗೊತ್ತಿದ್ದವರೇ. ಸ್ಕೂಲಿನಲ್ಲಿ ಡ್ರಿಲ್ ಮಾಡಿಸಿ ರಿಟೈರಾದವರು. ತಿಂಗಳಲ್ಲಿ ಹದಿನೈದು ದಿನ ಹಿಂದೂಪುರದ ಮಗನ ಮನೆ, ಹದಿನೈದು ದಿನ ಕಲ್ಯಾಣದುರ್ಗದ ಮಗಳ ಮನೆ. ಆ ಮಗಳ ಮನೆ ನಮ್ಮ ಬೀಗಿತ್ತಿಯ ಬೀದಿಯಲ್ಲೇ. ಎರಡು ಊರಿನಲ್ಲೂ ಕೇಳಿದವರಿಗೆ ಯೋಗಾಸನ ಹೇಳಿಕೊಡುತ್ತಿದ್ದರು.

ನಾನು ಮೊದಲು ಕುಣಿದಾಡಿದೆ. ನನ್ನ ಮಗಳನ್ನು ನನ್ನ ಮನೆಗೆ ಕಳಿಸಲು ಯಾವನೋ ಡ್ರಿಲ್ ಮೇಷ್ಟ್ರ ಸರ್ಟಿಫಿಕೇಟು ಬೇಕೇ ಎಂದೆ. ಇನ್ನೂ ಏನೇನೋ ಅಂದೆ. ಅಂದು ಅಂದು ಸುಸ್ತಾದ ಮೇಲೆ ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತುಬಿಟ್ಟೆ. ಚಿನ್ನಕ್ಕ ಹುಟ್ಟುವಾಗ ನನಗೆ ಅಮ್ಮ ಇರಲಿಲ್ಲ. ಸೂಲಗಿತ್ತಿ ಬೈದಳು, ನಮ್ಮತ್ತೆ ಬೈದಳು, ಹಿಡಿದುಕೊಳ್ಳಲು ಒಂದು ಕೈ ಸಿಗಲಿಲ್ಲ. ನಡುಮನೆಯ ಕಂಬ ಹಿಡಿದುಕೊಂಡು ಹೆತ್ತೆ. ನನ್ನ ಮಗಳು ಮಾತ್ರ ಕಂಬ ಹಿಡಿಯಬಾರದು ಎಂದು ಅವತ್ತೇ ಅಂದುಕೊಂಡಿದ್ದೆ. ಈಗ ನೋಡಿದರೆ ನನ್ನ ಬಾಯಿಯೇ ಅಡ್ಡ ಬಂದು ಮಲಗಿತ್ತು.

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಮೇಷ್ಟ್ರ ಮನೆಗೆ ಹೋದೆವು. ತೆಳ್ಳಗೆ, ನೆಟ್ಟಗೆ, ಮಗ್ಗದ ಹಲಗೆಯ ಹಾಗಿದ್ದರು. ಎಲ್ಲ ಕೇಳಿಸಿಕೊಂಡು ಚಾಪೆ ತೋರಿಸಿ, "ಕೂರ್ಚೋ ತಲ್ಲೀ," ಎಂದು ತೆಲುಗಿನಲ್ಲಿ ಕೂರಲು ಹೇಳಿದರು.

"ಇಪ್ಪತ್ತೈದು ವರ್ಷ ರಾಟೆ ಮುಂದೆ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತಿದೀನಿ ಸಾ. ನಂಗೆ ಕೂರಾದು ಕಲಿಸ್ತೀರಾ?"

"ಕೂತಿದ್ದು ನೀನು. ಮನಸ್ಸು ಎಲ್ಲಿತ್ತಮ್ಮ?"

ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ. "ಪಕ್ಕದ ಈರಕ್ಕನ ಮನೇಲಿ," ಎಂದೆ. ಅವರ ಮನೆಯಲ್ಲಿ ಏನು ಬೇಯುತ್ತಿದೆ, ಯಾರು ಬಂದರು, ನಮ್ಮ ಒರಳು ತೆಗೆದುಕೊಂಡು ಹೋಗಿ ಎಷ್ಟು ದಿನವಾಯಿತು, ಇದೆಲ್ಲ ಯಾರಾದರೂ ನೋಡಿಕೊಳ್ಳಬೇಕಲ್ಲ.

ಮೇಷ್ಟ್ರು ನಗಲಿಲ್ಲ. ನಾಲ್ಕೇ ಆಸನ ಹೇಳಿಕೊಟ್ಟರು. ನಿಲ್ಲುವುದೊಂದು, ಬಗ್ಗುವುದೊಂದು, ಮಂಡಿ ಮಡಿಸಿ ಹಿಮ್ಮಡಿಯ ಮೇಲೆ ಕೂರುವುದೊಂದು, ಅಂಗಾತ ಮಲಗುವುದೊಂದು. ಬಗ್ಗುವುದು ಎಂದರೆ ಕಾಲು ನೀಡಿ ಕೂತು ಹೆಬ್ಬೆರಳು ಹಿಡಿಯಬೇಕು. ನನ್ನ ಕೈ ಮೊಣಕಾಲಿನವರೆಗೆ ಹೋಗಿ ನಿಂತಿತು. ಅಲ್ಲಿಂದ ಹೆಬ್ಬೆರಳು ಕಲ್ಯಾಣದುರ್ಗದಾಚೆಯ ಬ್ರಹ್ಮಸಮುದ್ರದಷ್ಟು ದೂರ ಕಂಡಿತು. "ಸಾಕು, ಅಲ್ಲೇ ಇರು. ಎಷ್ಟು ಬಗ್ಗಿದೆ ಅನ್ನೋದು ಬೇಡ, ಬಗ್ಗಿದಾಗ ಅಲ್ಲಿದೀಯೋ ಇಲ್ಲವೋ ಅಷ್ಟೇ ನೋಡು," ಎಂದರು. ಕೊನೆಗೆ ಕಣ್ಣು ಮುಚ್ಚಿಸಿ ಉಸಿರು ನೋಡುತ್ತ ಕೂರಲು ಹೇಳಿದರು.

"ನೂಲು ಹೊತ್ತ ಲಾಳಿ ಅಂಚಿಂದ ಅಂಚಿಗೆ ಓಡಿ ತಿರುಗ್ತದಲ್ಲ, ಅಲ್ಲಿ ನೇಯೋನು ಏನ್ಮಾಡ್ತಾನೆ ಕೇಶವಯ್ಯ?" ಎಂದು ನಮ್ಮ ಯಜಮಾನರನ್ನು ಕೇಳಿದರು.

"ಜಾಸ್ತಿ ಎಳೆಯಂಗಿಲ್ಲ, ಸಡ್ಲೂ ಬಿಡಂಗಿಲ್ಲ ಸಾ. ಎಳೆದ್ರೆ ಅಂಚು ಒಳಕ್ಕೆ ಹೋಯ್ತದೆ."

"ದಾರ ಕಿತ್ತೋದ್ರೆ?"

"ಗಂಟು ಹಾಕಿ ಮುಂದಕ್ಕೆ ಹೋಯ್ತೀವಿ."

"ಮಗ್ಗಕ್ಕೆ ಬೈಯಲ್ವಾ?"

"ಮಗ್ಗಕ್ಕೆ ಬೈದ್ರೆ ದಾರ ಕೂಡ್ಕೊಳ್ತದಾ ಸಾ?"

ಮೇಷ್ಟ್ರು ನನ್ನ ಕಡೆ ತಿರುಗಿದರು. "ಕೇಳಿದ್ಯಾ? ಮೈ ಅಂದ್ರೆ ಮಗ್ಗ, ಉಸಿರೇ ಲಾಳಿ. ಅದು ತಿರುಗೋ ಜಾಗ ನೋಡ್ತಾ ಇರು. ಮನಸ್ಸು ಕಿತ್ಕೊಂಡು ಈರಕ್ಕನ ಮನೆಗೆ ಹೋದ್ರೆ ಬೈಬೇಡ, ಹಿಡಿದು ತಂದು ಗಂಟು ಹಾಕು. ಒಂದು ಮಂಡಲ, ನಲವತ್ತೆಂಟು ದಿನ. ಒಂದು ದಿನವೂ ಬಿಡಬಾರದು. ಕೋಪದಿಂದ ಒಂದು ಮಾತೂ ಆಡಬಾರದು. ತಪ್ಪಿದ್ರೆ ಮತ್ತೆ ಒಂದರಿಂದ. ಮುಗಿಸು, ನಾನೇ ರಾಮಾಂಜಿನಮ್ಮನಿಗೆ ಹೇಳ್ತೀನಿ."

ಬೆರಳು ಮಡಿಸಿ ಲೆಕ್ಕ ಹಾಕಿದೆ. ನಲವತ್ತೆಂಟು ದಿನಕ್ಕೆ ಒಂಬತ್ತನೇ ತಿಂಗಳು ಬಾಗಿಲಿಗೆ ಬಂದು ನಿಂತಿರುತ್ತದೆ. ಸರಿಹೋಯಿತು.

ಮಗ್ಗದ ಮನೆಯಲ್ಲಿ ಲೆಕ್ಕ ಎಂದರೆ ಗಂಟು. ಮರೆಯಬಾರದ್ದಕ್ಕೆಲ್ಲ ಒಂದು ನೂಲು ತೆಗೆದುಕೊಂಡು ಗಂಟು ಹಾಕುತ್ತೇವೆ. ನಾನು ಎರಡು ನೂಲು ತೆಗೆದುಕೊಂಡೆ. ಬಿಳಿಯದರಲ್ಲಿ ದಿನಕ್ಕೊಂದು ಗಂಟು. ಕೆಂಪಿನದರಲ್ಲಿ, ಬಾಯಿಗೆ ಬಂದು ನಾನು ನುಂಗಿಕೊಂಡ ಒಂದೊಂದು ಬೈಗುಳಕ್ಕೆ ಒಂದೊಂದು ಗಂಟು. ಬಿಳಿ ನೂಲನ್ನು ದೇವರ ಗೂಡಿನಲ್ಲಿಟ್ಟೆ. ಕೆಂಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಯಾವ ಹೊತ್ತಿನಲ್ಲಿ ಬೇಕಾಗುತ್ತದೋ ಹೇಳುವುದಕ್ಕಾಗುವುದಿಲ್ಲ.

ನಾನು ಬೈಯುವುದಿಲ್ಲ ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿತು. ಅಯ್ಯೋ, ಜನಕ್ಕೆ ಬಂದ ಧೈರ್ಯವೇ! ಈರಕ್ಕ ಒರಳಿನ ಜೊತೆಗೆ ಒನಕೆಯನ್ನೂ ಹೊತ್ತುಕೊಂಡು ಹೋದಳು. ತರಕಾರಿಯವನು ಕೊಳೆತ ಬದನೆಕಾಯಿ ತೂಗಿ ನನ್ನ ಮುಖ ನೋಡಿ ಹಲ್ಲುಬಿಟ್ಟ. ನಮ್ಮ ಯಜಮಾನರೂ ಕಡಿಮೆಯವರಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷ ಹೇಳದೆ ಇಟ್ಟುಕೊಂಡಿದ್ದನ್ನು, "ನಿನ್ನ ಹುಳಿ ಸಾರು ಒಂದೀಟು ಹುಳಿ ಜಾಸ್ತಿನೇ ಕಣೇ, ಯಾವತ್ತೂ," ಎಂದು ಊಟದ ನಡುವೆ ಹೇಳಿ, ತಟ್ಟೆಯೊಡನೆ ಬಾಗಿಲ ಕಡೆಗೆ ಸರಿದು ಕೂತರು. ನಾನು ಉಸಿರು ಒಳಗೆಳೆದುಕೊಂಡೆ, ಬಿಟ್ಟೆ, ಗಂಟು ಹಾಕಿದೆ. ಆ ಗಂಟನ್ನು ಮಾತ್ರ ಎರಡು ಸುತ್ತು ಬಿಗಿದೆ.

ಇಪ್ಪತ್ತೇಳನೇ ದಿನ ಅಮಾವಾಸ್ಯೆ ಬಂತು.

ಅಮಾವಾಸ್ಯೆಯ ದಿನ ನಾವು ಮಗ್ಗ ಮುಟ್ಟುವುದಿಲ್ಲ. ಲಾಳಿ ಹಲಗೆ ತೊಳೆದು, ಕುಂಕುಮವಿಟ್ಟು, ಕೈಮುಗಿದು ಸುಮ್ಮನಿರುತ್ತೇವೆ. ನಮ್ಮತ್ತೆಯ ಅತ್ತೆಯ ಕಾಲದಿಂದ ನಡೆದು ಬಂದದ್ದು. ಅವತ್ತು ಬೆಳಿಗ್ಗೆ ಚಾಪೆ ಹಾಸಲು ಹೋದವಳಿಗೆ ಫಕ್ಕನೆ ಹೊಳೆಯಿತು. ಮೈ ಅಂದ್ರೆ ಮಗ್ಗ ಎಂದು ಮೇಷ್ಟ್ರೇ ಹೇಳಿದ್ದಾರಲ್ಲ! ಇವತ್ತು ಅದನ್ನು ಮುಟ್ಟುವುದುಂಟೇ? ಚಾಪೆ ಸುತ್ತಿ ಮೂಲೆಗಿಟ್ಟೆ. ಆಸನಕ್ಕೆ ರಜಾ ಎಂದ ಮೇಲೆ ಅದರ ಜೊತೆಗಿದ್ದ ಉಳಿದ ವ್ರತಕ್ಕೂ ರಜಾ ಎಂದೇ ಆಯಿತಲ್ಲ. ಸೊಂಟದಿಂದ ಕೆಂಪು ನೂಲು ತೆಗೆದೆ. ನಲವತ್ತೊಂದು ಗಂಟು.

ಒಂದೊಂದೇ ಗಂಟು ಬಿಚ್ಚುತ್ತ ಒಂದೊಂದು ಮನೆಯ ಮುಂದೆ ನಿಂತೆ. ಸಾಲ ಇಟ್ಟುಕೊಳ್ಳುವುದು ನನ್ನ ಜಾಯಮಾನವಲ್ಲ. ಈರಕ್ಕನ ಬಾಗಿಲಲ್ಲೇ ಹನ್ನೊಂದು ಬಿಚ್ಚಿದೆ. ತರಕಾರಿಯವನು ಬೀದಿಯ ತುದಿಯಲ್ಲಿ ನನ್ನ ದನಿ ಕೇಳಿ ಗಾಡಿ ಬಿಟ್ಟೇ ಓಡಿದ. ಹುಳಿ ಸಾರಿನ ಗಂಟು ಬಿಚ್ಚಲು ಹಲ್ಲು ಹಾಕಬೇಕಾಯಿತು. ಆ ಹೊತ್ತಿಗೆ ಯಜಮಾನರು ಮಗ್ಗದಡಿ ಕಾಲಿಡುವ ಗುಂಡಿಯೊಳಗೆ ಇಳಿದು ಕೂತಿದ್ದರು. ಸಂಜೆಗೆ ಮೈ ಹಗುರಾಯಿತು. ಮಾರನೆಯ ದಿನ ಚಾಪೆ ಹಾಸಿ, ಶಾಂತಳಾಗಿ ಕೂತು, ಬಿಳಿ ನೂಲಿಗೆ ಇಪ್ಪತ್ತೆಂಟನೇ ಗಂಟು ಹಾಕಿದೆ.

ನಾಲ್ಕು ದಿನಕ್ಕೆ ಮೇಷ್ಟ್ರು ಕಲ್ಯಾಣದುರ್ಗದಿಂದ ಬಂದರು. ಈರಕ್ಕ ನನಗಿಂತ ಮುಂಚೆಯೇ ಅವರ ಜಗಲಿಯಲ್ಲಿ ಕೂತಿದ್ದಳು. "ಯೋಗ ಕಲ್ತ ಮ್ಯಾಲೆ ಇವಳ ದಮ್ಮು ಜಾಸ್ತಿ ಆಗೈತೆ ಸಾ. ಮುಂಚೆ ನಡುನಡುವೆ ಉಸ್ರು ತಗೊಳ್ಳಾಕಾದ್ರೂ ನಿಲ್ಲಿಸ್ತಿದ್ಳು," ಎಂದು ದೂರು ಹೇಳುತ್ತಿದ್ದಳು.

ಮೇಷ್ಟ್ರು ನನ್ನನ್ನು ಕೇಳಿದರು. ನಾನು ಎದೆಯೆತ್ತಿ ಹೇಳಿದೆ. "ಅಮಾಸೆ ಅಲ್ವಾ ಸಾ? ಮೈ ಅಂದ್ರೆ ಮಗ್ಗ ಅಂತ ನೀವೇ ಅಂದ್ರಿ. ಅಮಾಸೆ ದಿನ ನಾವು ಮಗ್ಗ ಮುಟ್ಟಾಕಿಲ್ಲ."

ಮೇಷ್ಟ್ರು ನನ್ನ ಕಡೆಗೆ ಪೂರ್ತಿ ತಿರುಗಿ ಕೂತರು.

"ಹಂಗಾದ್ರೆ ಅಮಾಸೆ ದಿನ ಉಸಿರಾಡಲ್ವೇನಮ್ಮ?"

ನಾನು ಬಂದ ದಾರಿಗೆ ತಿರುಗಿದೆ. ಈರಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮನೆಗೆ ಬಂದು ಮೂವತ್ತೊಂದು ಗಂಟಿನ ಬಿಳಿ ನೂಲನ್ನು ಒಲೆಗೆ ಹಾಕಿದೆ. ಇನ್ನೊಂದು ನೂಲು ತೆಗೆದು ಒಂದನೇ ಗಂಟು ಹಾಕಿದೆ. ಒಂದರಿಂದ ಶುರುಮಾಡಿದರೆ ನಲವತ್ತೆಂಟು ಮುಗಿಯುವ ಹೊತ್ತಿಗೆ ಒಂಬತ್ತು ತುಂಬುತ್ತಾ ಬಂದಿರುತ್ತದೆ. ತುಂಬು ಬಸುರಿಯನ್ನು ಯಾರೂ ಬಸ್ಸಿಗೆ ಹತ್ತಿಸುವುದಿಲ್ಲ. ಒಂದು ದಿನದ ಬಾಯಿ ಚಪಲಕ್ಕೆ ಮಗಳ ಹೆರಿಗೆಯನ್ನೇ ಬಿಟ್ಟುಕೊಟ್ಟೆನಲ್ಲ ಎಂದು ನನ್ನ ಮೇಲೇ ಕೆಂಡದಂಥ ಸಿಟ್ಟು ಬಂತು. ಅದನ್ನು ಬೈಯಲೂ ಬಾರದು, ನೋಡಿ.

ಈ ಸಲ ಕೆಂಪು ನೂಲು ಹಿಡಿಯಲಿಲ್ಲ. ಆಮೇಲೆ ಬೈಯುತ್ತೇನೆಂದು ಎತ್ತಿಡುವುದು ಬಿಟ್ಟಂತಲ್ಲ, ಅಷ್ಟು ತಿಳಿಯಿತು. ದಿನಾ ಬೆಳಿಗ್ಗೆ ಕೂತೆ. ಬೇಜಾರಾದಾಗಲೂ ಕೂತೆ. ಮನಸ್ಸು ಈರಕ್ಕನ ಮನೆಗೆ ಹೋಗುತ್ತಿತ್ತು, ಕಲ್ಯಾಣದುರ್ಗಕ್ಕೆ ಹೋಗುತ್ತಿತ್ತು. ಹೋದದ್ದು ಗೊತ್ತಾದ ಕೂಡಲೇ ಕರೆದುಕೊಂಡು ಬರುತ್ತಿದ್ದೆ. ಒಂದು ದಿನಕ್ಕೆ ನೂರು ಸಲ ಬೇಕಾದರೆ ನೂರು ಸಲ.

ಹತ್ತೊಂಬತ್ತನೇ ದಿನ ಹಾಗೆ ಕೂತಿದ್ದೆ. ಒಳಗೆ ಯಜಮಾನರ ಮಗ್ಗ ಆಡುತ್ತಿತ್ತು. ಬೆಕ್ಕು ಕಂಡಿಕೆಯ ಬುಟ್ಟಿ ಉರುಳಿಸಿತು. ಎಲ್ಲ ಕಂಡಿಕೆಗಳೂ ನೂಲು ಬಿಚ್ಚಿಕೊಂಡು ಅಂಗಳಕ್ಕೆ ಓಡಿದವು. ನನ್ನ ಬಾಯಿ ಇನ್ನೂ ತೆರೆದಿರಲಿಲ್ಲ. ಅಷ್ಟರಲ್ಲಿ ಮಗ್ಗದ ಸದ್ದು ನಿಂತಿತು. ಇಪ್ಪತ್ತೈದು ವರ್ಷ ಆ ಮಗ್ಗದ ಪಕ್ಕದಲ್ಲೇ ಇದ್ದೆ, ಅದು ಹೀಗೆ ನಿಲ್ಲುವುದನ್ನು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಆ ಮನುಷ್ಯ ಒಳಗೆ ಕೈ ಬಿಗಿಹಿಡಿದು, ಹೆಂಡತಿ ಯಾವಾಗ ಕಿರುಚುತ್ತಾಳೋ ಎಂದು ಕಾಯುತ್ತಿದ್ದ. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಲಾಳಿ ಮತ್ತೆ ಓಡಿತು, ಮೆಲ್ಲಗೆ. ನಾನು ಅಂಗಳಕ್ಕಿಳಿದು ಕಂಡಿಕೆಗಳನ್ನು ಒಂದೊಂದಾಗಿ ಆಯ್ದುಕೊಂಡೆ.

"ಇನ್ನು ಕಾದ್ರೆ ಆಗಲ್ಲ," ಎಂದರು ಯಜಮಾನರು ಒಂದು ದಿನ. "ಒಂಬತ್ತಕ್ಕೆ ಬಿತ್ತು. ಸರ್ಟಿಫಿಕೇಟು ಇಲ್ದಿದ್ರೆ ಬ್ಯಾಡ, ಹೋಗಿ ಕೇಳಾನ. ಅಮಾಸೆ ದಿನ ಹೋಗಾನ."

ಮಗ್ಗದವರು ನೆಂಟರ ಮನೆಗೆ ಹೋಗುವುದೇ ಅಮಾವಾಸ್ಯೆಗೆ. ಮಗ್ಗ ನಿಲ್ಲುವುದು ಅವತ್ತೊಂದೇ ದಿನ. ಬೆಳಗಿನ ಜಾವ ಎದ್ದು ಚಾಪೆಯ ಮೇಲೆ ಕೂತೆ. ಇಪ್ಪತ್ತಾರನೇ ಗಂಟು ಹಾಕಿ ನೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ರೊದ್ದಂನಲ್ಲಿ ಬಸ್ಸು ಬದಲಾಯಿಸಿ ಕಲ್ಯಾಣದುರ್ಗ ಸೇರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಯಜಮಾನರು ಒಂದೇ ಮಾತು ಜಪ ಮಾಡಿದರು: "ಏನಂದ್ರೂ ಸುಮ್ಕಿರು ಕಣೇ."

ರಾಮಾಂಜಿನಮ್ಮ ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದಳು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ನಮ್ಮನ್ನು ಕಂಡವಳೇ ಎದ್ದು ನಿಂತಳು. ಅವಳ ಮುಖ ಹಬ್ಬದೂಟ ಕಂಡವರ ಹಾಗೆ ಅರಳಿತು.

"ಬಾ ತಾಯಿ ಬಾ! ಬ್ಯಾರೆ ದಿನ ಬಂದಿದ್ರೆ ಬಾಯಿ ಕಟ್ಕೊಂಡಿರಬೇಕಿತ್ತು. ನಂಗೆ ರಜಾ ಇರೋ ದಿನಾನೇ ನೋಡ್ಕೊಂಡು ಬಂದ್ಬುಟ್ಟೆಯಲ್ಲ!" ಎಂದು ಸೊಂಟಕ್ಕೆ ಕೈ ಹಾಕಿ ಒಂದು ನೂಲು ಎಳೆದಳು. ನೂಲಿನ ತುಂಬ ಗಂಟು.

ಆ ಗಂಟುಗಳ ಅರ್ಥವನ್ನು ಭೂಮಿಯ ಮೇಲೆ ನನಗಿಂತ ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ. "ನಮ್ ಮೇಷ್ಟ್ರು" ಎಂದು ಅವಳು ಅಂದದ್ದು ಯಾಕೆಂದು ಈಗ ತಿಳಿಯಿತು. ಯಜಮಾನರು ನನ್ನ ಮುಖ ನೋಡಿ, ಅವಳ ನೂಲು ನೋಡಿ, ಕಂಬದ ಹಿಂದಕ್ಕೆ ಸ್ವಲ್ಪ ಸರಿದರು.

ಅವಳು ಶುರುಮಾಡಿದಳು. ಒಂದು ಗಂಟು ಬಿಚ್ಚಿ ಪಾನಕದ ಚೊಂಬು. ಇನ್ನೊಂದು ಬಿಚ್ಚಿ, ಕಾಗದ ಬರೆದರೆ ಮಗನ ಹೆಸರಿಗೇ ಬರೆಯುತ್ತೀರಿ, ನಾನು ಸತ್ತಿದ್ದೇನೆಯೇ ಎಂದು. ತಾಂಬೂಲದಲ್ಲಿ ಕೊಟ್ಟ ತೆಂಗಿನಕಾಯಿಗೆ ನೀರಿರಲಿಲ್ಲ ಎಂದು. ಅದು ಸುಳ್ಳು, ಕಾಯಿ ನಾನೇ ಅಲ್ಲಾಡಿಸಿ ನೋಡಿ ತಂದಿದ್ದೆ. ನಾಲಿಗೆ ಹಲ್ಲಿನವರೆಗೆ ಬಂತು. ಉಸಿರು ಒಳಗೆ ಹೋಯಿತು, ತಿರುಗಿತು, ಹೊರಗೆ ಬಂತು. ಅವಳು ಬೈಯುವುದು ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಎಲ್ಲೂ ತಡವರಿಸಲಿಲ್ಲ.

ಕೊನೆಗೆ ಒಳಗೆ ಹೋಗಿ ಆ ಸೀರೆಯನ್ನೇ ತಂದಳು. ಒಗೆದು ಮಡಿಸಿಟ್ಟಿದ್ದಳು. ನನ್ನ ಮುಂದೆ ಹರವಿ ಅಂಚಿಗೆ ಬೆರಳಿಟ್ಟಳು. "ಇಲ್ಲಿ ನೋಡು. ಇಲ್ಲೊಂದು. ಇಲ್ಲೊಂದು. ಎಳ್ಕೊಂಡೈತೋ ಇಲ್ವೋ, ನೀನೇ ಹೇಳು!"

ನನ್ನ ಕಿವಿಯಲ್ಲಿ ರಕ್ತ ಗುಂಯ್‌ಗುಟ್ಟಿತು. ಅಷ್ಟರಲ್ಲಿ ಬಾಗಿಲಲ್ಲಿ ಚಿನ್ನಕ್ಕ ಕಂಡಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ಬಾಡಿತ್ತು. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು, ಅತ್ತೆಯನ್ನು ಬಿಟ್ಟು ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು. ಅವತ್ತು ಲಾಳಿ ಹಿಡಿದು ಕಾಯುತ್ತ ಕೂತಿದ್ದ ನಮ್ಮ ಯಜಮಾನರ ಕಾಯುವಿಕೆಯೇ ಅದು. ನಾನು ಬಗ್ಗಿ ಸೀರೆಯ ಅಂಚು ಮುಟ್ಟಿದೆ. ಅಂಗುಲ ಅಂಗುಲ ನೋಡಿದೆ. ಗೇಣು ನೆಟ್ಟಗೆ, ಆಮೇಲೊಂದು ಜಗ್ಗು. ಮತ್ತೆ ಗೇಣು, ಮತ್ತೊಂದು ಜಗ್ಗು. ಮದುವೆಯ ಮುಂಚಿನ ಹದಿನೈದು ದಿನ ನಾನು ಕಿರುಚಿದ್ದಷ್ಟೂ ಅಲ್ಲಿ ನೇಯ್ದುಕೊಂಡಿತ್ತು.

"ಎಳ್ಕೊಂಡೈತೆ," ಎಂದು, ಮೊದಲ ಸಲ ಅವಳನ್ನು ಅತ್ತಿಗೆಯೆಂದು ಕರೆದೆ. "ನೀನಂದಿದ್ದು ನಿಜ ವದಿನಮ್ಮ. ಅವರ ಕೈ ಹದವಾಗೇ ಐತೆ. ಎಳೆದಿದ್ದು ನನ್ ಬಾಯಿ. ನಾನು ಒಂದೊಂದು ಸಲ ಕಿರುಚ್ದಾಗ್ಲೂ ಅವರ ಕೈ ಜಗ್ಗೈತೆ."

ಕಂಬದ ಹಿಂದೆ ಯಜಮಾನರು ಕೆಮ್ಮಿದರು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಹೇಳಲಾಗುತ್ತಿರಲಿಲ್ಲ. "ನಂಗೆ ಭಯ ಕಣಮ್ಮ. ನಾನು ಹೆರೋವಾಗ ನಮ್ಮಮ್ಮ ಇರ್ಲಿಲ್ಲ. ಕಂಬ ಹಿಡ್ಕೊಂಡು ಹೆತ್ತೆ. ಇವಳ ಕೈ ಹಿಡ್ಕೊಬೇಕು ನಾನು, ಅಷ್ಟೇ. ನೀನು ಬೈಯೋದು ಇನ್ನೂ ಇದ್ರೆ ಬೈಯಿ, ಕೇಳಿಸ್ಕೊಂಡೇ ಹೋಯ್ತೀನಿ."

ರಾಮಾಂಜಿನಮ್ಮನ ನೂಲಿನಲ್ಲಿ ಇನ್ನೂ ಐದಾರು ಗಂಟು ಉಳಿದಿದ್ದವು. ಅದನ್ನು ಬೆರಳಿಗೆ ಸುತ್ತಿಕೊಂಡು ನಿಂತಳು.

"ನೀನ್ಯಾಕೆ ತಿರುಗಿ ಬೈತಿಲ್ಲ?" ಎಂದಳು, ಅನುಮಾನದಿಂದ. "ನೀನೂ ಮೇಷ್ಟ್ರ ಹತ್ರ ಕಲೀತಿದೀಯ ಅಂತ ಬೀದಿಯೋರು ಅಂದ್ರು. ನಿಂಗೂ ಇವತ್ತು ರಜಾ ಅಲ್ವಾ?"

"ಇಲ್ಲ. ಇವತ್ತು ಇಪ್ಪತ್ತಾರು."

"ಇಪ್ಪತ್ತಾರೇನಾ? ನಂದು ಏಳು ಮಂಡ್ಲ ಮುಗಿದೈತೆ!"

ಹೇಳಲೋ ಬೇಡವೋ ಎಂದು ಒಂದು ಉಸಿರಿನಷ್ಟು ಹೊತ್ತು ತಡೆದೆ. ಒಳಗೊಂದು ಗುಂಜಿಯಷ್ಟು ಖುಷಿಯೂ ಆಗಿತ್ತು, ಸುಳ್ಳೇಕೆ. "ವದಿನಮ್ಮ, ಅಮಾಸೆ ದಿನ ನೀನು ಉಸಿರಾಡಲ್ವಾ?" ಎಂದೆ.

ಅವಳು ಬೆರಳು ಮಡಿಸಿ ಒಂದೊಂದು ಮಂಡಲದಲ್ಲೂ ಬಿದ್ದ ಅಮಾವಾಸ್ಯೆ ಎಣಿಸಿದಳು. "ಹಂಗಾದ್ರೆ... ನಂದು ಒಂದೂ ಆಗಿಲ್ವಾ?"

ಮೊದಲು ನಕ್ಕವಳು ಚಿನ್ನಕ್ಕ. ಹೊಟ್ಟೆ ಹಿಡಿದುಕೊಂಡು, ಹೊಸ್ತಿಲ ಮೇಲೆ ಕೂತೇ ನಕ್ಕಳು. ಆಮೇಲೆ ಕಂಬದ ಹಿಂದಿನಿಂದ ಯಜಮಾನರು. ಕೊನೆಗೆ ನಾವಿಬ್ಬರೂ ಜಗಲಿಯ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಅಕ್ಕಪಕ್ಕದ ಬಾಗಿಲುಗಳು ಒಂದೊಂದಾಗಿ ತೆರೆದವು. ಅಮಾವಾಸ್ಯೆಯ ದಿನ ಆ ಮನೆಯಿಂದ ನಗು ಕೇಳಿದ್ದು ಅದೇ ಮೊದಲಂತೆ.

"ಕಳಿಸ್ತೀನಿ," ಎಂದಳು ರಾಮಾಂಜಿನಮ್ಮ ಮೂಗು ಒರೆಸಿಕೊಂಡು. "ಆದ್ರೆ ನಾನೂ ಬತ್ತೀನಿ. ನಾಳೆಗೆ ನಂದು ಒಂದನೇ ದಿನ. ಮುಂದಿನ ಅಮಾಸೆ ದಿನ ನೀನು ಸುಮ್ಕಿರ್ತೀಯೋ ಇಲ್ವೋ ಕಣ್ಣಾರೆ ನೋಡ್ಬೇಕು." ಯಜಮಾನರ ನಗು ಅಲ್ಲಿಗೇ ನಿಂತುಹೋಯಿತು.

ಬಿದಿಗೆಯ ದಿನ ಮೂವರು ಹೆಂಗಸರನ್ನು ಕರೆದುಕೊಂಡು ಆ ಪುಣ್ಯಾತ್ಮ ಹಿಂದೂಪುರಕ್ಕೆ ಬಂದರು. ದಿನಾ ಬೆಳಿಗ್ಗೆ ನಾವಿಬ್ಬರೂ ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದೆವು. ಅವಳ ಕೈ ಹೆಬ್ಬೆರಳಿಗೆ ಸಲೀಸಾಗಿ ಮುಟ್ಟುತ್ತಿತ್ತು; ಅದನ್ನು ನಾನು ನೋಡುತ್ತಿದ್ದೇನೆಯೇ ಎಂದು ಅವಳು ನೋಡುತ್ತಿದ್ದಳು. ಸಾರಿಗೆ ಹುಣಸೆಹಣ್ಣು ಎಷ್ಟು ಎಂಬ ವಿಷಯಕ್ಕೆ ಒಂದು ಬೆಳಿಗ್ಗೆ ಇಬ್ಬರೂ ಒಲೆಯ ಮುಂದೆ ನಿಂತು ಎಷ್ಟು ಹೊತ್ತು ಉಸಿರು ನೋಡಿದೆವೆಂದರೆ, ಬೇಳೆ ಸೀದುಹೋಯಿತು. ಮೇಷ್ಟ್ರು ಬಂದಾಗ, ಇವಳ ವಿಷಯ ನನಗೆ, ನನ್ನ ವಿಷಯ ಇವಳಿಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಇಬ್ಬರೂ ಹಿಡಿದುಕೊಂಡೆವು. "ಒಬ್ಬರ ಉಸಿರಿನ ಲೆಕ್ಕ ಇನ್ನೊಬ್ಬರಿಗ್ಯಾಕಮ್ಮ?" ಎಂದರು. "ಇವಳಿಗೂ ಅಮಾಸೆ ರಜಾ ಅಂತ ನನಗೇನು ಗೊತ್ತು? ಅಮಾಸೆ ದಿನ ನಾನು ಊರಲ್ಲೇ ಇರಲ್ಲ, ತೀರ್ಥಸ್ನಾನಕ್ಕೆ ಹೋಗಿರ್ತೀನಿ. ನೀವು ಮಗ್ಗದವರು ಎಲ್ಲರೂ ಹಿಂಗೇನಾ?"

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ, ಮಗ್ಗ ತೊಳೆದು ಕುಂಕುಮವಿಟ್ಟು ಮುಗಿದಿತ್ತು. ಚಾಪೆ ಹಾಸುವಷ್ಟರಲ್ಲಿ ಚಿನ್ನಕ್ಕನಿಗೆ ನೋವು ಬಂತು. ಸೂಲಗಿತ್ತಿ ಬಂದಳು. ಮಗಳು ಒಂದು ಕೈಯಲ್ಲಿ ನನ್ನ ಕೈ ಹಿಡಿದಳು, ಇನ್ನೊಂದರಲ್ಲಿ ಅತ್ತೆಯದು. ಕಂಬ ಅದರ ಪಾಡಿಗೆ ಅದಿತ್ತು. "ಉಸ್ರು ಬಿಡು ಮಗ," ಎಂದೆ ನಾನು. "ತಿರುಗೋ ಜಾಗ ನೋಡು," ಎಂದಳು ಅವಳು. "ಎಳೀಬ್ಯಾಡ," ಎಂದೆ. "ಸಡ್ಲ ಬಿಡು," ಎಂದಳು.

"ಬಾಯ್ ಮುಚ್ಚಿ ಇಬ್ರೂ!" ಎಂದು ಕಿರುಚಿದಳು ನನ್ನ ಮಗಳು. ಎರಡು ಮನೆಯ ಬಾಯಿಯೂ ಅವಳೊಬ್ಬಳಲ್ಲೇ ಕೂಡಿಬಂದಿತ್ತು. ನಾವಿಬ್ಬರೂ ಮುಚ್ಚಿಕೊಂಡೆವು.

ಮಗು ಹೊರಗೆ ಬಂತು. ಅಳಲಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿದಳು, ಅಂಗಾಲು ಉಜ್ಜಿದಳು. ಮಗ್ಗ ನಿಂತ ಮನೆ ಸದ್ದಿಲ್ಲದೆ ಇತ್ತು. ಯಾರ ಉಸಿರನ್ನೂ ಯಾರೂ ನೋಡಲಿಲ್ಲ. ಮೂವರೂ ಆ ಅಂಗೈಯಗಲದ ಎದೆಯನ್ನೇ ನೋಡುತ್ತಿದ್ದೆವು. ಅದು ಒಮ್ಮೆ ಅದುರಿತು, ಮೇಲೆದ್ದಿತು. ಆಮೇಲೆ ಕಿರುಚಿತು ನೋಡಿ! ನಾನು ರಾಮಾಂಜಿನಮ್ಮನ ಭುಜದ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟೆ.

ಬಾಗಿಲಲ್ಲಿ ಈರಕ್ಕ ಇಣುಕಿದಳು. "ಅಯ್ಯೋ, ಅಮಾಸೆ ದಿನಾನೇ ಹುಟ್ತಲ್ಲಮ್ಮ! ಅದೂ ಹೆಣ್ಣು!"

ನಮ್ಮಿಬ್ಬರ ತಲೆಯೂ ಒಟ್ಟಿಗೆ ತಿರುಗಿತು. ಈರಕ್ಕ ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಉಸಿರು ಒಳಗೆ ಹೋಯಿತು, ಹೊರಗೆ ಬಂತು. "ಯಾಕಮ್ಮ," ಎಂದಳು ರಾಮಾಂಜಿನಮ್ಮ ಮೆತ್ತಗೆ, "ಅಮಾಸೆ ದಿನ ಉಸಿರಾಡಬಾರ್ದಾ?"

ಆಗ ನನಗೆ ಬಿಳಿ ನೂಲಿನ ನೆನಪಾಯಿತು. ದೇವರ ಗೂಡಿನಿಂದ ತೆಗೆದು ನೋಡಿದೆ. ಮೂವತ್ತೆಂಟು ಗಂಟು ಇತ್ತು. ಲೆಕ್ಕ ಹಾಕಿದರೆ ಇವತ್ತಿಗೆ ಐವತ್ತೈದೋ ಐವತ್ತಾರೋ ಆಗುತ್ತದೆ. ನಲವತ್ತೆಂಟು ಯಾವತ್ತು ಬಂದು ಯಾವತ್ತು ಹೋಯಿತೋ ನನಗೆ ಗೊತ್ತೇ ಆಗಿರಲಿಲ್ಲ.

ಯಜಮಾನರು ಮಗುವನ್ನು ಸುತ್ತಲು ಬಟ್ಟೆ ತಂದರು. ಈ ಒಂದು ತಿಂಗಳಲ್ಲಿ, ಸೀರೆಗಳ ನಡುವೆ ಬಿಡುವು ಮಾಡಿಕೊಂಡು ನೇಯ್ದದ್ದು, ಬಿಳಿ ಮೈ, ಕೆಂಪು ಅಂಚು. ರಾಮಾಂಜಿನಮ್ಮ ಕೈಚಾಚಿ ತೆಗೆದುಕೊಂಡಳು. ಅಭ್ಯಾಸ ಬಿಡುತ್ತದೆಯೇ? ಮಗುಚಿ ಹಿಂಬದಿ ನೋಡಿದಳು. ಆಮೇಲೆ ಅಂಚಿಗೆ ಬೆರಳಿಟ್ಟು, ಈ ತುದಿಯಿಂದ ನಿಧಾನವಾಗಿ ಎಳೆದುಕೊಂಡು ಹೊರಟಳು. ಯಜಮಾನರು ಬಾಗಿಲಲ್ಲಿ ನಿಂತರು. ನಾನು ಗೋಡೆಗೊರಗಿ ನಿಂತೆ. ಚಿನ್ನಕ್ಕ ಮಲಗಿದ್ದಲ್ಲಿಂದ ತಲೆಯೆತ್ತಿ ನೋಡಿದಳು.

ಬೆರಳು ಆ ತುದಿ ಮುಟ್ಟಿತು.

"ಎಲ್ಲೂ ಎಳ್ಕೊಂಡಿಲ್ಲ ಕಣಮ್ಮ," ಎಂದಳು.

ಯಜಮಾನರು ಟವಲಿನಿಂದ ಮುಖ ಒರೆಸಿಕೊಂಡರು. ರಾಮಾಂಜಿನಮ್ಮ ಮಗುವನ್ನು ಸುತ್ತಿ ನನ್ನ ಕೈಗಿಟ್ಟಳು. ಅದು ಮಾತ್ರ ಕಿರುಚುತ್ತಲೇ ಇತ್ತು, ಸ್ಟೇಷನ್ನಿಗೆ ಕೇಳಿರಬೇಕು.